ಚಿಕ್ಕಮ್ಮನ ಹೆಸರು ಕೂಗಿದ ದಿನ

ಹುಚ್ಚಿನ ಡಾಕ್ಟರು ನಮ್ಮ ಕಡೆಗೆ ಬರುವುದು ಎಂದಿಗೂ ಆಗದ ಮಾತು ಎಂದವರು ನಮ್ಮ ಚಿಕ್ಕಪ್ಪ. ಅವರನ್ನು ಸೋಲಿಸಬೇಕೆಂದು ನಾನು ಅವರ ಹೆಂಡತಿಯ ಗುಟ್ಟನ್ನು — ನನ್ನ ಚಿಕ್ಕಮ್ಮನ ಗುಟ್ಟನ್ನು — ತುಂಬಿದ ಸಭೆಯಲ್ಲಿ ಬಯಲು ಮಾಡಿದೆ. ಬಾಯಿ ತಪ್ಪಿ ಅಲ್ಲ. ಗೊತ್ತಿದ್ದೇ ಮಾಡಿದೆ.

ನಮ್ಮದು ಸಕಲೇಶಪುರದ ಕಡೆ, ಕುಂದೂರಿನ ಹತ್ತಿರದ ಹಳ್ಳಿ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದವರು. ನಮ್ಮ ಮನೆತನದಲ್ಲಿ ಬಿ.ಎ. ಪಾಸಾದವನು ನಾನೇ ಮೊದಲು. ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಪ್ಪ ದೇವರ ಪಟಗಳ ಸಾಲಿನಲ್ಲೇ ನೇತುಹಾಕಿದರು. ಬಂದವರು ಅದನ್ನು ನೋಡಿ ನನ್ನನ್ನು ಬಹುವಚನದಲ್ಲಿ ಮಾತಾಡಿಸತೊಡಗಿದರು. ಒಂದು ಕಾಗದ ಮನುಷ್ಯನ ಮರ್ಯಾದೆಯನ್ನು ಹೀಗೆ ಎತ್ತುತ್ತದೆ ಎಂದು ನಂಬಿದ್ದು ಆಗ. ಆ ನಂಬಿಕೆಯೇ ಮುಂದೆ — ಇರಲಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಚಿಕ್ಕಮ್ಮ ಎರಡನೇ ಹೆರಿಗೆಯಾದ ಮೇಲೆ ನಿದ್ದೆ ಬಿಟ್ಟಳು. ಒಲೆಯ ಮುಂದೆ ಕೂತವಳು ಉರಿ ಆರಿದ್ದೂ ತಿಳಿಯದೆ ಕೂತೇ ಇರುತ್ತಿದ್ದಳು. ಚಿಕ್ಕಪ್ಪ ತಾಯತ ಕಟ್ಟಿಸಿದರು. ತೊಂಬತ್ತರ ದಶಕ ಅದು. ಮನಸ್ಸಿನ ಡಾಕ್ಟರನ್ನು ಕಾಣಲು ನಮ್ಮವರು ಹಾಸನಕ್ಕೇ ಹೋಗಬೇಕಿತ್ತು. ಬಸ್ಸು, ಫೀಸು, ಮಾತ್ರೆ, ಜೊತೆಗೆ ತಪ್ಪಿದ ಕೂಲಿ. ಕಾಫಿ ಎಸ್ಟೇಟಿನ ಲೈನುಮನೆಗಳಲ್ಲಿದ್ದ ಕೂಲಿಯವರು ಒಮ್ಮೆ ಹೋಗಿಬಂದು, ಮಾತ್ರೆ ಮುಗಿದ ಮೇಲೆ ಸುಮ್ಮನಾಗಿಬಿಡುತ್ತಿದ್ದರು. ಬಡವರ ಕೈಗೆಟುಕುವ ಹಾಗೆ ಇಲ್ಲೇ ಏನಾದರೂ ಮಾಡೋಣ ಎಂದವಳು ನನ್ನ ತಂಗಿ ಭಾಗ್ಯ. ಅವಳಿಗೆ ಆಗಷ್ಟೇ ಪಿಯುಸಿ ಮುಗಿದಿತ್ತು. ಚಿಕ್ಕಪ್ಪ ಎಲೆಅಡಿಕೆ ಉಗಿದು ನನ್ನ ಕಡೆ ನೋಡಿ ನಕ್ಕರು.

“ದನದ ಡಾಕ್ಟ್ರೇ ಈ ಕಡೀಕೆ ಬರಲ್ಲ, ಇನ್ನು ಹುಚ್ಚಿನ ಡಾಕ್ಟ್ರು ಬತ್ತಾನಾ? ಆಗೋ ಮಾತಲ್ಲ ಬುಡು ಮಾರಾಯ.”

ಬಂದರು. ಹಾಸನದ ಡಾಕ್ಟರೊಬ್ಬರು ಫೀಸಿಲ್ಲದೆ ನೋಡಲು ಒಪ್ಪಿದರು. ಸಕಲೇಶಪುರದಲ್ಲಿ ಕಾಫಿ ವ್ಯಾಪಾರದ ಇಬ್ರಾಹಿಂ ಸಾಬರು ತಮ್ಮ ಗೋದಾಮಿನ ಪಕ್ಕದ ಕೋಣೆ ಬಿಟ್ಟುಕೊಟ್ಟರು. ನಾನು ಟ್ರಸ್ಟ್ ನೋಂದಾಯಿಸಿದೆ, ತೋಟದವರ ಮನೆಗಳಿಗೆ ಅಲೆದು ಮಾತ್ರೆಗೆ ದೇಣಿಗೆ ತಂದೆ. ಆದರೆ ಜನ ಬಂದದ್ದು ಭಾಗ್ಯಳ ಉಪಾಯದಿಂದ. ಡಾಕ್ಟರು ಸಂತೆಯ ದಿನವೇ ಬರಲಿ ಎಂದಳು ಅವಳು. ಸಂತೆ ಚೀಲ ಹಿಡಿದು ಪೇಟೆಗೆ ಬಂದವರನ್ನು ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಸೊಪ್ಪು, ಬದನೆಕಾಯಿಯ ಕೆಳಗೆ ಮಾತ್ರೆ ಮನೆ ಸೇರುತ್ತಿತ್ತು. ಬಂದವರಿಗೆಲ್ಲ ಅವಳು ಒಂದೇ ಮಾತು ಕೊಡುತ್ತಿದ್ದಳು: “ನಿಮ್ಮ ಹೆಸ್ರು ಈ ಬಾಗ್ಲು ದಾಟಲ್ಲ.”

ಅಂಥದೇ ಚೀಲ ಹಿಡಿದು ಚಿಕ್ಕಮ್ಮನೂ ಬಂದಳು, ಗಂಡನಿಗೆ ಹೇಳದೆ. ಕೆಲವು ತಿಂಗಳಲ್ಲಿ ನಿದ್ದೆ ಬಂತು, ನಿಧಾನಕ್ಕೆ ನಗುವೂ ಬಂತು. ಚಿಕ್ಕಪ್ಪ ಅದನ್ನು ತಾಯತದ ಮಹಿಮೆ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು.

ಅದನ್ನು ನನಗೆ ಸಹಿಸಲಾಗಲಿಲ್ಲ. ಬೇರೆ ಕಾರಣ ಹುಡುಕಿ ನೋಡಿದ್ದೇನೆ — ಇಲ್ಲ, ಅಷ್ಟೇ ಕಾರಣ.

ಟ್ರಸ್ಟಿನ ಮೊದಲ ವಾರ್ಷಿಕೋತ್ಸವಕ್ಕೆ ನಾನು ‘ಗುಣಮುಖ ಪ್ರಮಾಣಪತ್ರ’ ಅಚ್ಚು ಹಾಕಿಸಿದೆ. ಸುತ್ತ ಹೂಬಳ್ಳಿಯ ಅಂಚು, ಕೆಳಗೆ ಟ್ರಸ್ಟಿನ ಮೊಹರು, ನನ್ನ ಸಹಿ, ಸಹಿಯ ಪಕ್ಕ ಬಿ.ಎ. ಕಾಗದ ನನ್ನನ್ನು ಎತ್ತಿದ ಹಾಗೆ ಇವರನ್ನೂ ಎತ್ತುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಭಾಗ್ಯ ಆ ಪತ್ರಗಳ ಕಟ್ಟನ್ನು ನೋಡಿದಳು.

“ಹೆಸ್ರು ಕೂಗಲ್ಲ ತಾನೇ ಅಣ್ಣ?”

“ಇಲ್ಲ ಕಣೆ, ಆಮೇಲೆ ಒಬ್ಬೊಬ್ಬರಿಗೇ ಕೊಡಾನ” ಎಂದೆ. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು.

ಸಭೆಯೂ ಸಂತೆಯ ದಿನವೇ, ಊರವರನ್ನೆಲ್ಲ ಕರೆದಿದ್ದೆ; ಚಿಕ್ಕಮ್ಮ ಸೇರಿ ಮಾತ್ರೆಗೆ ಬರುತ್ತಿದ್ದವರೂ ಚೀಲ ಹಿಡಿದು ಜನರ ನಡುವೆ ಕೂತಿದ್ದರು. ಚಿಕ್ಕಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ. ಮೈಕ್ ಹಿಡಿದು ಮೊದಲು ಕೂಗಿದ್ದೇ ಚಿಕ್ಕಮ್ಮನ ಹೆಸರು — ಪಾರ್ವತಮ್ಮ, ಇಂಥವರ ಹೆಂಡತಿ, ಇಂಥ ಊರು. ಗುಣವಾದದ್ದು ತಾಯತದಿಂದಲ್ಲ, ನಮ್ಮ ಮಾತ್ರೆಯಿಂದ ಎಂದೂ ಸೇರಿಸಿದೆ. ಅಷ್ಟು ಜನರ ಮುಂದೆ ಕರೆದರೆ ಬರದೆ ಇರುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಸೆರಗು ಹೊದ್ದು ಮೇಲೆ ಬಂದಳು, ಪ್ರಸಾದ ತೆಗೆದುಕೊಳ್ಳುವ ಹಾಗೆ ಎರಡೂ ಕೈ ಒಡ್ಡಿದಳು. ಎರಡನೇ ಹೆಸರು ಕೂಗಬೇಕಾಗಲಿಲ್ಲ — ಹಿಂದಿನ ಸಾಲುಗಳಲ್ಲಿ ಜನ ಚೀಲ ಎತ್ತಿಕೊಂಡು ಹೊರಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಭಾಗ್ಯ ಅವರ ಮುಖ ನೋಡಲಾರದೆ ತಲೆ ತಗ್ಗಿಸಿದ್ದಳು. ಮಾತು ಕೊಟ್ಟವಳು ಅವಳು, ಮುರಿದವನು ನಾನು.

ಮುಂದಿನ ಸಂತೆಗೆ ಡಾಕ್ಟರು ಬಂದರು, ರೋಗಿಗಳು ಬರಲಿಲ್ಲ. ಕೋಣೆಯ ಬೀಗದ ಕೈ ಕೊಡು ಎಂದು ಭಾಗ್ಯ ಕೈ ಚಾಚಿದಳು. ಕೊಟ್ಟೆ. ಲೈನಿನಿಂದ ಲೈನಿಗೆ ನಡೆದು, ಬೈಸಿಕೊಂಡು, ವರ್ಷಗಟ್ಟಲೆ ಹೆಣಗಿ ಅವಳು ಅದನ್ನು ಮತ್ತೆ ಕಟ್ಟಿದಳು. ಈಗಲೂ ನಡೆಯುತ್ತಿದೆ — ನಾನಿಲ್ಲದೆ. ಇತ್ತ ಚಿಕ್ಕಪ್ಪ ಚಿಕ್ಕಮ್ಮನ ಕೈಯ ಊಟ ಬಿಟ್ಟರು. ಮಕ್ಕಳನ್ನು ಅವಳ ಪಕ್ಕದಲ್ಲಿ ಮಲಗಲು ಬಿಡಲಿಲ್ಲ. ಪೇಟೆಗೆ ಹೋಗುವುದು ನಿಂತಿತು, ಮಾತ್ರೆ ನಿಂತಿತು. ಅವಳು ಮತ್ತೆ ಆರಿದ ಒಲೆಯ ಮುಂದೆ ಕೂತಳು.

ಚಿಕ್ಕಪ್ಪ ತೀರಿಕೊಂಡ ಮೇಲೆ ಭಾಗ್ಯಳೇ ಅವಳನ್ನು ಮತ್ತೆ ಡಾಕ್ಟರ ಬಳಿ ಕರೆದೊಯ್ದಳು. ಮೊನ್ನೆ ನಾನು ಚಿಕ್ಕಮ್ಮನ ಮನೆಗೆ ಹೋದೆ — ಕ್ಷಮೆ ಕೇಳಬೇಕೆಂದು. ಕಾಫಿ ಕೊಟ್ಟಳು. ಕುಡಿದು ಲೋಟ ಕೆಳಗಿಟ್ಟೆ. ಯಾಕೆ ಬಂದಿದ್ದೇನೆಂದು ಅವಳಿಗೆ ತಿಳಿದಿತ್ತೇನೋ, ಒಳಗೆ ಹೋಗಿ ಟ್ರಂಕಿನ ತಳದಿಂದ, ಹಳೆಯ ಸೀರೆಯ ಮಡಿಕೆಯಿಂದ ಆ ಪ್ರಮಾಣಪತ್ರ ತೆಗೆದಳು. ಕಾಗದ ಹಳದಿಯಾಗಿತ್ತು, ನನ್ನ ಸಹಿ ಮಾತ್ರ ಹಾಗೇ ಇತ್ತು. ಅದನ್ನು ನನ್ನ ಕೈಯಲ್ಲಿಟ್ಟಳು.

“ನಿನ್ ಡಿಗ್ರೀನ ನಿಮ್ಮಪ್ಪ ಗೋಡೆಗೆ ನೇತಾಕಿದ್ರು ಕಣೋ. ಇದನ್ನ ನಾನೆಲ್ಲಿ ನೇತಾಕ್ಲಿ ಅಂತ ಇಷ್ಟು ವರ್ಷ ನೋಡ್ದೆ. ನೀನೇ ಇಟ್ಕೊ ಮಗ.”