ಗಾಜು ಒಡೆದ ಮೇಲೆ

ಬೆಂಕಿ ಆರಿಸುವ ಬಂಬು ಅರ್ಧ ತಾಸು ತಡವಾಗಿ ಬಂತು ಎಂದು ನಮ್ಮ ಚಾಳಿನಲ್ಲಿ ಎಲ್ಲರೂ ಹೇಳುತ್ತಾರೆ. ಎಲ್ಲರೂ ಒಂದೇ ಮಾತು ಹೇಳುತ್ತಾರೆ ಎಂಬುದೇ ನನ್ನ ಮೊದಲ ಅನುಮಾನ. ಹೊಗೆ ಕಂಡು ಗ್ಯಾಲರಿಯಿಂದ ಗ್ಯಾಲರಿಗೆ ಓಡುತ್ತಿದ್ದ ಜನರಲ್ಲಿ ಗಡಿಯಾರ ನೋಡಿದವರು ಯಾರು? ಮನೆಮನೆಗೆ ಹೋಗಿ ಕೇಳಿದೆ. ಒಬ್ಬರೂ ನೋಡಿರಲಿಲ್ಲ. ಆದರೂ ಆ ಅರ್ಧ ತಾಸು ಅರ್ಧ ತಾಸಾಗಿಯೇ ಉಳಿಯಿತು. ಒಬ್ಬರ ಬಾಯಲ್ಲಾದರೂ ಅದು ಇಪ್ಪತ್ತು ನಿಮಿಷವಾಗಲಿಲ್ಲ, ನಲವತ್ತೂ ಆಗಲಿಲ್ಲ.

ಮುಂಬಯಿಯ ಪರೇಲಿನಲ್ಲಿ, ಉದ್ದನೆಯ ಗ್ಯಾಲರಿಗಳಿಗೆ ಸಾಲಾಗಿ ಖೋಲಿಗಳಿದ್ದ ಆ ಚಾಳಿನಲ್ಲಿ, ಕಾಕಾನ ಮನೆಯಲ್ಲಿದ್ದುಕೊಂಡು ನಾನು ಕಾಲೇಜಿಗೆ ಹೋಗುತ್ತಿದ್ದೆ. ಅಪ್ಪ, ಅವ್ವ ಧಾರವಾಡದಲ್ಲಿ. ಕಾಕಾ ಮಿಲ್ಲಿನ ಕಚೇರಿಯಲ್ಲಿ ಹೆಡ್ ಕ್ಲರ್ಕು. ಚಾಳಿನವರ ಅರ್ಜಿಗಳನ್ನೆಲ್ಲ ಓದಿ ಹೇಳುವವನು, ತಿದ್ದುವವನು ಅವನೇ. ನನ್ನನ್ನು ಚರ್ಚಾಕೂಟಕ್ಕೆ ತಯಾರು ಮಾಡಿದವನೂ ಅವನೇ. ಸಂಜೆ ಪತ್ರಿಕೆ ಹಿಡಿದು ಕೂತರೆ, ನಾನು ಯಾವ ಪಕ್ಷ ಹಿಡಿದರೂ ಅವನು ಎದುರು ಪಕ್ಷ. ಅವನು ಕಲಿಸಿದ ಪಾಠಗಳಲ್ಲಿ ಒಂದು ನನ್ನ ಮೈಗೆ ಹತ್ತಿಹೋಗಿತ್ತು: "ಪ್ರಶ್ನಿ ಕೇಳಿದ ಮ್ಯಾಲ ಸುಮ್ಮನ ನಿಂದರಬೇಕು, ತಂಗಿ. ಉತ್ತರಾ ನೀನ ಕೊಟ್ಟಿ ಅಂದ್ರ ಎದುರಿನಂವ ಪಾರಾದಾ."

ಬೆಂಕಿ ಬಿದ್ದದ್ದು ಒಂದು ಶನಿವಾರ ಮಧ್ಯಾಹ್ನ. ಆಗ ನಾನು ಕಾಲೇಜಿನಲ್ಲಿದ್ದೆ. ಕೆಳಗಿನ ಉಡುಪಿ ಹೋಟೆಲಿನವರು ಹಿಂದಿನ ಮೆಟ್ಟಿಲ ಬುಡದಲ್ಲಿ ಪೇರಿಸಿದ್ದ ಕಟ್ಟಿಗೆ ಹೊತ್ತಿಕೊಂಡಿತು. ಅದರ ನೇರ ಮೇಲಿನ ಖೋಲಿಯಲ್ಲಿ ಬೆಳಗಾವಿ ಕಡೆಯ ಒಬ್ಬ ವಿಧವೆ ಇದ್ದಳು. ಹಪ್ಪಳ ಲಟ್ಟಿಸಿ ಮಾರಿ ಬದುಕುತ್ತಿದ್ದವಳು. ಚಾಳಿಗೆಲ್ಲ ಮಾವಶಿ, ಚಿಕ್ಕಮ್ಮ. ಅವಳ ಖೋಲಿಗಿದ್ದ ಆ ಹಿಂದಿನ ಮೆಟ್ಟಿಲೊಂದೇ ದಾರಿ ಕಟ್ಟಿಹೋಗಿ ಅವಳು ಒಳಗೇ ಸಿಕ್ಕಿಕೊಂಡಳು. ಬಂಬಿನವರು ಏಣಿ ಹಾಕಿ ಇಳಿಸುವಷ್ಟರಲ್ಲಿ ಬಲಗೈ ಮೊಣಕೈವರೆಗೆ ಸುಟ್ಟಿತ್ತು. ಬೆರಳುಗಳು ಇನ್ನು ಲಟ್ಟಣಿಗೆ ಹಿಡಿಯಲಾರವು ಎಂದು ಆಸ್ಪತ್ರೆಯಲ್ಲಿ ಹೇಳಿದರು.

ಅಂಥ ಕೈ ಕಂಡ ಮೇಲೆ ಯಾರದಾದರೂ ತಪ್ಪು ಇರಲೇಬೇಕು ಎಂದು ಜನಕ್ಕೆ ಅನ್ನಿಸುವುದು ಸಹಜ. ಬಂಬಿನವರದು ಎಂದು ತೀರ್ಮಾನವಾಯಿತು. ದೂರು ಮೇಲಿನವರೆಗೆ ಹೋಗಿ ವಾರದೊಳಗೆ ವಿಚಾರಣೆ ಶುರುವಾಯಿತು. ಅಂದು ಬಂದಿದ್ದ ತಂಡದ ಮುಖಂಡನನ್ನು ಕೆಲಸದಿಂದ ತೆಗೆಯುವ ಮಾತು ನಡೆದಿತ್ತು. ಚಾಳಿನವರು ನಡೆದದ್ದನ್ನು ಬರೆದು ಸಹಿ ಹಾಕಿ ಮುಂದಿನ ವಾರದ ಸೋಮವಾರದೊಳಗೆ ಕೊಡಬೇಕಿತ್ತು. ಬರೆಯುವ ಕೆಲಸ ನನಗೆ ಬಂತು.

"ಇಂಗ್ಲೀಷಿನ್ಯಾಗ ಖಡಕ್ ಆಗಿ ಬರಿ," ಎಂದ ಕಾಕಾ. "ಮೊದಲನೇ ಸಹಿ ನಂದು."

ಅವನ ಸಹಿಗೆ ತೂಕವಿತ್ತು. ಗಲ್ಲಿಗಳು ಕೂಡುವ ನಾಕಾದಲ್ಲಿರುವ ಕೆಂಪು ಕಂಬದ ಗಾಜು ಒಡೆದು ಬಂಬು ಕರೆದವನೇ ಅವನು. ಗಾಜು ತಾಗಿ ಸೀಳಿದ ಅಂಗೈಗೆ ಪಟ್ಟಿ ಕಟ್ಟಿಕೊಂಡಿದ್ದ. ಬಂದವರೆಲ್ಲ ಅದನ್ನು ಮುಟ್ಟಿ ನೋಡಿ ಹೋಗುತ್ತಿದ್ದರು.

ನಾನು ಬರೆಯಲು ಕೂರುವ ಮೊದಲೇ ಆ ಮುಖಂಡ ಚಾಳಿಗೆ ಬಂದ. ನಡುವಯಸ್ಸಿನ ಮರಾಠಿಗ. ಗ್ಯಾಲರಿಯಲ್ಲಿ ಯಾರೂ ಅವನಿಗೆ ಕೂರಲು ಹೇಳಲಿಲ್ಲ. ಅವನು ವಾದಿಸಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಬರೆಯುವವಳು ನಾನೆಂದು ತಿಳಿದು ನನ್ನ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದ್ದು ಇಷ್ಟೆ: "ಕಂಬದ ಹತ್ತಿರ ಯಾರೂ ಇರಲಿಲ್ಲ, ತಾಯಿ. ಅದೊಂದು ಬರೆಯಿರಿ. ಆಮೇಲೆ ನಿಮಗೆ ಬೇಕಾದ್ದು ಬರೆಯಿರಿ."

ಅವನು ಮೆಟ್ಟಿಲಿಳಿದು ಹೋದ ಮೇಲೆ ಹೋಟೆಲಿನ ಮಾಲೀಕರು ನಕ್ಕರು. "ಇದೆಂತ ಹೊಸ ಕತೆ ಮಾರಾಯ್ರೆ! ಕಂಬವೇನು ನಡ್ಕೊಂಡು ಹೋಗ್ತದಾ, ಅದಕ್ಕೆ ಕಾವಲು ಬೇರೆ ಬೇಕಾ?"

ಎಲ್ಲರೂ ನಕ್ಕರು. ಕಟ್ಟಿಗೆ ಪೇರಿಸಿದ್ದು ಮೆಟ್ಟಿಲ ಬುಡದಲ್ಲೇ ಏಕೆ ಎಂದು ನಾನು ಕೇಳಿದೆ. ಅವರಿಗೆ ಆಗಲೇ ಹೋಟೆಲಿನ ಕೆಲಸ ನೆನಪಾಯಿತು.

ನಾನು ನಾಕಾಕ್ಕೆ ಹೋದೆ. ಆ ಕಂಬದ ಪಕ್ಕದಲ್ಲೇ ಟ್ರಾಮಿಗೆ ಕಾಯುತ್ತಿದ್ದವಳು ನಾನು, ಮೂರು ವರ್ಷ. ಅದರ ಮೇಲೆ ಬರೆದದ್ದನ್ನು ಒಂದು ಸಲವೂ ಓದಿರಲಿಲ್ಲ. ಅಂದು ಓದಿದೆ. ಗಾಜು ಒಡೆಯಿರಿ, ಹಿಡಿ ಎಳೆಯಿರಿ. ಮೂರನೆಯದಾಗಿ, ಬಂಬು ಬರುವವರೆಗೆ ಇಲ್ಲಿಯೇ ನಿಂತು ದಾರಿ ತೋರಿಸಿರಿ. ಅದೂ ಇಂಗ್ಲಿಷಿನಲ್ಲಿ.

ಅದರ ಅರ್ಥವನ್ನು ಬಂಬಿನ ಠಾಣೆಗೇ ಹೋಗಿ ಬಿಡಿಸಿಕೊಂಡೆ. ಹಿಡಿ ಎಳೆದರೆ ಠಾಣೆಯಲ್ಲಿ ಗಂಟೆ ಬಾರಿಸುತ್ತದೆ. ಯಾವ ಕಂಬ ಎಂದು ಆ ಗಂಟೆಗೆ ಗೊತ್ತು, ಯಾವ ಮನೆ ಎಂದು ಗೊತ್ತಿಲ್ಲ. ಬೇರೆ ಊರಲ್ಲಾದರೆ ಹೊಗೆ ನೋಡಿಕೊಂಡು ಹೋಗಬಹುದು. ಪರೇಲಿನಲ್ಲಿ ಯಾವ ಕಡೆ ಕತ್ತೆತ್ತಿದರೂ ಮಿಲ್ಲಿನ ಚಿಮಣಿ, ಯಾವ ಹೊತ್ತಿಗೂ ಹೊಗೆ. ನಾಕಾದಿಂದ ಒಡೆಯುವ ಗಲ್ಲಿಗಳು ನಾಲ್ಕು. ದಾರಿ ತೋರಿಸುವವರಿಲ್ಲದೆ ಬಂಬು ಮೊದಲು ಮಿಲ್ಲಿನ ಗಲ್ಲಿಗೆ ನುಗ್ಗಿತ್ತು, ಕೈಗಾಡಿಗಳ ಮಧ್ಯೆ ಸಿಕ್ಕಿಕೊಂಡಿತ್ತು, ಹಿಂದೆ ಸರಿದು ಬರಬೇಕಾಗಿತ್ತು.

ಇದು ಬಂಬಿನವರ ಮಾತು; ಅವರ ಮಾತನ್ನು ಮಾತ್ರ ಏಕೆ ನಂಬಬೇಕು? ಕಂಬದ ಎದುರಿನ ಇರಾನಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ಮುದುಕನನ್ನು ಕೇಳಿದೆ. ಗಾಜಿನ ಸದ್ದು ಕೇಳಿದಾಗ ಒಬ್ಬ ಗಿರಾಕಿ ಚಹಾ ಹೇಳಿದ್ದನಂತೆ. ಅವನು ಚಹಾ ಕುಡಿದು ಮುಗಿಸುವ ಮೊದಲೇ ಬಂಬು ಗಂಟೆ ಹೊಡೆಯುತ್ತ ಬಂದು ನಿಂತಿತ್ತಂತೆ. ಆಳುಗಳು ಇಳಿದು ನಾಲ್ಕೂ ಕಡೆ ಕೂಗಿದರಂತೆ. ತನಗೂ ಬೆಂಕಿ ಎಲ್ಲಿ ಎಂದು ಗೊತ್ತಿರಲಿಲ್ಲ ಎಂದ.

ದೂರಿನ ಎರಡನೆಯ ಅಂಶ ಅಂಬ್ಯುಲನ್ಸ್ ಸುಮ್ಮನೆ ಬಂದು ಖಾಲಿ ಹೋಯಿತು ಎಂಬುದು. ಖಾಲಿ ಹೋದದ್ದು ನಿಜ. ಆ ಗಾಡಿಯೂ ಬಂಬಿನವರದೇ. ಮಾವಶಿಯ ಕೈ ಕಂಡ ಕೂಡಲೇ ಅವರು ಅದಕ್ಕೆ ಹೇಳಿಕಳಿಸಿದ್ದರು, ಕಾಯಿರಿ ಎಂದೂ ಹೇಳಿದ್ದರು. ಆದರೆ ಅದು ಹೆಣ ಸಾಗಿಸುವ ಗಾಡಿ, ಸಿಡುಬಿನವರನ್ನು ಒಯ್ಯುವ ಗಾಡಿ ಎಂಬ ಹೆದರಿಕೆ ನಮ್ಮವರಿಗೆ. ಮಾವಶಿಯೇ ಅದರಲ್ಲಿ ಹತ್ತುವುದಿಲ್ಲ ಎಂದು ಅತ್ತಳಂತೆ. ಇದ್ದಿಲಿನವನ ಕೈಗಾಡಿಯಲ್ಲಿ ಮಲಗಿಸಿ, ಉರಿ ತಣಿಯಲೆಂದು ಸುಟ್ಟ ಕೈಗೆ ಶಾಯಿ ಸುರಿದು, ಬಿಸಿಲಲ್ಲಿ ತಳ್ಳಿಕೊಂಡು ಹೋಗಿದ್ದರು.

ಇದನ್ನು ಓದುತ್ತಿರುವವರು ಮುಂಬಯಿಯಲ್ಲಿದ್ದರೆ, ಈಗಲೇ ಎದ್ದು ಹೋಗಿ ನಿಮ್ಮ ನಾಕಾದ ಕಂಬ ಎಲ್ಲಿದೆ ನೋಡಿ ಬನ್ನಿ. ಓಡಿಹೋಗಿ ಗಾಜು ಒಡೆಯುವವರು ಯಾರು, ಅಲ್ಲಿ ನಿಲ್ಲುವವರು ಯಾರು ಎಂದು ಮನೆಯಲ್ಲಿ ಇಂದೇ ಮಾತಾಡಿಕೊಳ್ಳಿ. ಮೆಟ್ಟಿಲ ಬುಡದಲ್ಲಿ ಕಟ್ಟಿಗೆಯಿದ್ದರೆ ತೆಗೆಸಿ, ಜಗಳವಾದರೂ ಸರಿ. ಅಂಬ್ಯುಲನ್ಸ್ ಬರುತ್ತದೆ ಎಂದರೆ ಕಾಯಿರಿ. ನಾನು ಆ ಕಂಬದ ಮಾತುಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ನಮ್ಮ ಚಾಳಿನ ನಲ್ಲಿಯ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಎರಡು ಸಲ ಹರಿದು ಹಾಕಿದರು. ಮೂರನೆಯದು ಇನ್ನೂ ಇದೆ.

ಆದರೆ ಕಂಬದ ಹತ್ತಿರ ಯಾರೂ ಇರಲಿಲ್ಲ ಎಂದಾದರೆ, ಗಾಜು ಒಡೆದವನು ಎಲ್ಲಿದ್ದ?

ಅದಕ್ಕೆ ಸಾಕ್ಷಿ ನನ್ನ ಹತ್ತಿರವೇ ಇತ್ತು. ಬೆಂಕಿಯ ದಿನ ಸಂಜೆ ಕಾಲೇಜಿನಿಂದ ಬಂದು ಗಾಬರಿಯಲ್ಲಿ ನಿಂತಿದ್ದವಳಿಗೆ ಕಾಕಾನ ಹೆಂಡತಿ, ನನ್ನ ಕಾಕು, ಹೆಮ್ಮೆಯಿಂದ ಹೇಳಿದ್ದಳು: "ನಿಮ್ಮ ಕಾಕಾ ಗಾಜ ಒಡದು ಬಂದವ್ರ ಮೊದಲ ನಿನ್ನ ಟ್ರಂಕಿಗೆ ಕೈ ಹಾಕಿದ್ರು ನೋಡವಾ. ಹುಡುಗಿ ಸರ್ಟಿಫಿಕೇಟು ಸುಟ್ಟರ ಮತ್ತ ಎಲ್ಲಿಂದ ತರೋದು, ಅಂದ್ರು."

ಅಂದು ನನ್ನ ಕಣ್ಣಲ್ಲಿ ನೀರು ಬಂದಿತ್ತು. ಬಂಬು ಕರೆದದ್ದು ಒಂದು ಕತೆ, ಟ್ರಂಕು ಉಳಿಸಿದ್ದು ಇನ್ನೊಂದು ಕತೆ. ಚಾಳಿನವರು ಎರಡನ್ನೂ ಮೆಚ್ಚಿ ಹೇಳುತ್ತಿದ್ದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸ ಯಾರೂ ಮಾಡಿರಲಿಲ್ಲ. ಒಬ್ಬನೇ ಮನುಷ್ಯ ಏಕಕಾಲಕ್ಕೆ ಕಂಬದ ಬಳಿಯೂ ಟ್ರಂಕಿನ ಬಳಿಯೂ ಇರಲಾರ. ಇಷ್ಟು ತರ್ಕ ಕಾಕಾ ನನಗೆ ಮೊದಲನೇ ವರ್ಷವೇ ಕಲಿಸಿದ್ದ.

ಭಾನುವಾರ ಬೆಳಿಗ್ಗೆ ಕಾಗದ ತಂದು ಅವನ ಮುಂದಿಟ್ಟೆ. ಕಟ್ಟಿಗೆಯ ವಿಷಯ ಬರೆದಿದ್ದೆ, ಇರಾನಿ ಹೇಳಿದ್ದನ್ನು ಬರೆದಿದ್ದೆ, ಅಂಬ್ಯುಲನ್ಸಿನ ವಿಷಯ ಇದ್ದದ್ದು ಇದ್ದ ಹಾಗೆ ಬರೆದಿದ್ದೆ. ನಡುವೆ ಒಂದು ಸಾಲು ಖಾಲಿ ಬಿಟ್ಟಿದ್ದೆ. ಕಾಕಾ ಪೆನ್ನು ಬಿಚ್ಚಿ, ಪಟ್ಟಿ ಕಟ್ಟಿದ ಕೈಯಲ್ಲಿ ಕಾಗದ ಒತ್ತಿ ಹಿಡಿದು ಓದುತ್ತ ಬಂದ. ಖಾಲಿ ಸಾಲಿನಲ್ಲಿ ಅವನ ಕಣ್ಣು ನಿಂತಿತು.

"ಇಲ್ಲೇನ ಬರೀಬೇಕಾಗಿತ್ತು?"

ಆ ಮುಖಂಡನ ಕೆಲಸ ಉಳಿಯುವುದು ಆ ಒಂದು ಸಾಲಿನಲ್ಲಿತ್ತು. ಹೇಳದೆ ಬಿಡುವ ಮನಸ್ಸು ನನಗಿರಲಿಲ್ಲ. ಕಾಕಾ ಕಲಿಸಿದಂತೆಯೇ ಕೇಳಿ, ಅವನು ಕಲಿಸಿದಂತೆಯೇ ಸುಮ್ಮನೆ ನಿಂತೆ.

"ಕಾಕಾ, ನೀ ನನ್ನ ಟ್ರಂಕ್ ತರಾಕ ಮ್ಯಾಲ ಬಂದಾಗ, ಕಂಬದ ಹತ್ರ ಯಾರನ್ನ ನಿಲ್ಲಿಸಿ ಬಂದಿದ್ದಿ?"