ಸೂರ್ಯ ಹುಟ್ಟುವ ಕಡೆ ದಡವಿಲ್ಲ

ಸೌದಿಯ ತಾರೂತ್ ದ್ವೀಪದಿಂದ ಸಿಗಡಿ ಹಿಡಿಯಲು ಹೊರಟ ಆ ಮುಂಜಾನೆ ದೋಣಿಯಲ್ಲಿ ಮೂವರಿದ್ದೆವು. ಚುಕ್ಕಾಣಿಯಲ್ಲಿ ನನ್ನ ಅಣ್ಣ, ಮಲ್ಪೆಯಲ್ಲಿ ಮೀಸೆ ಮೂಡುವ ಮೊದಲೇ ಕಡಲಿಗಿಳಿದವನು. ಪಕ್ಕದಲ್ಲಿ ಅವನ ಕಫೀಲ್. ಸೌದಿಯವನೊಬ್ಬ ಇಲ್ಲದೆ ದೋಣಿ ಹೊರಡುವಂತಿಲ್ಲವೆಂಬ ಕಾನೂನಿಗಾಗಿ ಬಂದು ಕೂರುವ ಮಾಲೀಕ. ಮೂರನೆಯವನು ನಾನು, ಖತೀಫ್‌ನ ಐಸ್ ಕಾರ್ಖಾನೆಯ ಗುಮಾಸ್ತ. ರಜೆಯ ದಿನ ಹೊದ್ದು ಮಲಗುವುದು ಬಿಟ್ಟು ಹೋದದ್ದು ನನ್ನ ಗ್ರಹಚಾರ.

ಕಫೀಲನ ಅಜ್ಜ ಮುತ್ತಿಗಾಗಿ ಮುಳುಗುತ್ತಿದ್ದವನಂತೆ. ದ್ವೀಪದ ಮುತ್ತು ಮುಂಬೈಗೆ ಹೋಗುತ್ತಿತ್ತು. ನಮ್ಮ ಕಡೆಯಿಂದ ದೋಣಿಯ ಮರ, ತೆಂಗಿನ ಹುರಿ ಇಲ್ಲಿಗೆ ಬರುತ್ತಿದ್ದವು. ಜಪಾನಿನಲ್ಲಿ ಸಾಕಿ ಬೆಳೆಸಿದ ಮುತ್ತು ಬಂದು ಆ ವ್ಯಾಪಾರ ನೆಲಕಚ್ಚಿತು. ಆಮೇಲೆ ಎಣ್ಣೆ. ಕಫೀಲನ ಅಪ್ಪ ಎಣ್ಣೆ ಕಂಪನಿ ಸೇರಿದ, ಇವನೂ ಅಲ್ಲೇ ಎಸಿ ಕೋಣೆಯಲ್ಲಿ ಕೂತು ನಿವೃತ್ತನಾದ. ಕಡಲು ನಮ್ಮಂಥವರ ಕೈಗೆ ಬಂತು. ಅಜ್ಜನಿಗೆ ಅಂಗೈಯಂತೆ ಗೊತ್ತಿದ್ದ ನೀರು ತನಗೆ ಚೂರೂ ಗೊತ್ತಿಲ್ಲವೆಂದು ಅವನೇ ನಗುತ್ತ ಹೇಳಿದ್ದ. ನಾನೂ ನಕ್ಕಿದ್ದೆ.

ಬಲೆ ಎತ್ತುವಷ್ಟರಲ್ಲಿ ಮಂಜು ಕವಿಯಿತು. ಗಾಳಿಯ ಸುಳಿವಿಲ್ಲ. ಜಿಪಿಎಸ್ ನೋಡಿದರೆ ನಮ್ಮ ದೋಣಿ ಮರುಭೂಮಿಯ ನಡುವೆ ನಿಂತಿದೆ! ಯುದ್ಧದ ಸುದ್ದಿ ಹಬ್ಬಿದ್ದ ದಿನಗಳು. ಕೊಲ್ಲಿಯಲ್ಲಿ ಯಾರೋ ಸಂಕೇತ ಕೆಡಿಸುತ್ತಿದ್ದರು. ಫೋನುಗಳೂ ಅದೇ ಸುಳ್ಳು ಹೇಳಿದವು. ಹಳೆಯ ದಿಕ್ಸೂಚಿಯನ್ನು ಅಣ್ಣ ರೂಮಿನ ಕಪಾಟಿನಲ್ಲಿ ಶೋಕಿಗೆ ಇಟ್ಟಿದ್ದ.

ನಾವು ದ್ವೀಪದಿಂದ ಪೂರ್ವಕ್ಕೆ ಬಂದಿದ್ದೆವು. ಇನ್ನೂ ಮುಂದೆ ಹೋದರೆ ಎಣ್ಣೆಬಾವಿಗಳ ಕಾವಲು, ಅದರಾಚೆ ಇರಾನಿನ ನೀರು. ಆಗ ಅಲ್ಲಿ ಗುರುತಿಲ್ಲದ ದೋಣಿ ಕಂಡರೆ ಗುಂಡು ಮೊದಲು, ಪ್ರಶ್ನೆ ಆಮೇಲೆ ಎಂದು ಬಂದರಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಒಂದು ಕಡೆ ಮಂಜು ತುಸು ಬೆಳ್ಳಗಾಯಿತು. ಅಣ್ಣ ಸರಕ್ಕನೆ ಅತ್ತ ತಿರುಗಿಸಿದ.

"ಬೆಳಕು ಕಾಣ್ತದಲ್ಲ, ಸೂರ್ಯ ಅಲ್ಲುಂಟು. ದಡವೂ ಅಲ್ಲೇ. ಹೋಗುವ."

ನನಗೂ ಜೀವ ಬಂದಂತಾಯಿತು. ಬೆಳಿಗ್ಗೆ ದಾರಿ ತಪ್ಪಿದರೆ ಸೂರ್ಯನ ಕಡೆ ದೋಣಿ ಬಿಡಬೇಕೆಂದು ಅಪ್ಪ ನಮಗಿಬ್ಬರಿಗೂ ಹೇಳಿಕೊಟ್ಟಿದ್ದರು. ತುಂಬಾ ಹೊತ್ತು ಹೋದೆವು. ದಡ ಬರಲಿಲ್ಲ, ನೀರು ಕಪ್ಪಾಗುತ್ತ ಹೋಯಿತು. ಆಗ ನನಗೆ ಹೊಳೆಯಿತು. ಊರಿನಲ್ಲಿ ಕಡಲಿರುವುದು ಪಡುವಣಕ್ಕೆ. ಸೂರ್ಯ ದಡದ ಮೇಲೆ ಹುಟ್ಟುತ್ತಾನೆ. ಇಲ್ಲಿ ಮೂಡಣವೇ ಕಡಲು.

"ಅಣ್ಣ, ತಿರುಗಿಸು! ಇಲ್ಲಿ ಸೂರ್ಯ ಹುಟ್ಟುವುದು ಕಡಲಲ್ಲಿ!"

"ಸುಮ್ನಿರು ಮಾರಾಯ. ಐಸಿನ ಲೆಕ್ಕ ಬರೆಯುವವನಿಗೆ ಎಂತ ಗೊತ್ತುಂಟು?"

ಕಫೀಲ್ ನಮ್ಮಿಬ್ಬರ ಮುಖ ನೋಡಿದ. ಅವನಿಗೆ ಅಣ್ಣನ ಮೇಲೆ ದೇವರಷ್ಟು ನಂಬಿಕೆ. ಅಷ್ಟರಲ್ಲಿ ಮಂಜಿನೊಳಗಿಂದ ಕಾವಲು ದೋಣಿಯ ಸೈರನ್ ಮೊಳಗಿತು, ಹಿಂದೆಯೇ ಧ್ವನಿವರ್ಧಕದಲ್ಲಿ ಅರಬಿ ಗದರಿಕೆ. ಕಫೀಲನ ಮುಖ ಬಿಳಿಚಿತು. "ನಿಲ್ಲದಿದ್ದರೆ ಹೊಡೀತೀವಿ ಅಂತಿದ್ದಾರೆ," ಎಂದ ಹಿಂದಿಯಲ್ಲಿ. ನಾನು ಚುಕ್ಕಾಣಿಗೆ ಕೈ ಹಾಕಿದೆ. ಅಣ್ಣ ನನ್ನನ್ನು ತಳ್ಳಿದ. ತಳ್ಳಿದವನು ಆ ಬೆಳಕನ್ನೇ ನೋಡುತ್ತ ನಿಂತುಬಿಟ್ಟ. ಎಂಜಿನ್ ನಿಲ್ಲಿಸಿದ. ಕಫೀಲ್ ಎದ್ದು ನಿಂತು, ಎರಡೂ ಕೈ ಎತ್ತಿ, ತನ್ನ ಹೆಸರು, ತನ್ನ ಅಜ್ಜನ ಹೆಸರು, ದ್ವೀಪದ ಹೆಸರು ಕೂಗಿದ. ಗಂಟಲು ಹರಿಯುವಂತೆ ಕೂಗುತ್ತಲೇ ಇದ್ದ.

ಕೊನೆಗೆ ಹಿಂದಿರುಗಲು ಅಪ್ಪಣೆಯಾಯಿತು. ಬೆನ್ನಿಗೆ ಬೆಳಕು ಮಾಡಿಕೊಂಡು ಬಂದೆವು. ದ್ವೀಪದ ಖರ್ಜೂರದ ಮರಗಳ ತಲೆಗಳು ಕಂಡವು.

ಬಂದರಿನ ಧಕ್ಕೆಯಲ್ಲಿ ಅಣ್ಣ ಹಗ್ಗ ಹಿಡಿದು, ಕಟ್ಟದೆ ನಿಂತಿದ್ದ.

"ಇಷ್ಟು ವರ್ಷ ಆಯ್ತು ಇಲ್ಲಿ," ಎಂದ. "ಈ ಕೈ ಇನ್ನೂ ಮಲ್ಪೆಗೇ ಹೋಗ್ತದೆ, ಮಾರಾಯ."

ನನಗೆ ಅಳು ಬಂತು. ಹಗ್ಗ ತೆಗೆದುಕೊಂಡು ನಾನೇ ಕಟ್ಟಿದೆ.