ಹುಕ್ರಪ್ಪನ ಹೆಬ್ಬೆಟ್ಟು ಶಾಸ್ತ್ರ

ಹುಕ್ರಪ್ಪನಿಗೆ ಮನುಷ್ಯರ ಮೇಲೆ ಎಳ್ಳಷ್ಟೂ ಕರುಣೆ ಇರಲಿಲ್ಲ. ಅವನ ಪ್ರೀತಿಯೆಲ್ಲ ಅವರ ಹೆಬ್ಬೆರಳುಗಳ ಮೇಲೆ. ಬಂಟ್ವಾಳದ ನೋಂದಣಿ ಕಚೇರಿಯ ಜವಾನನಾಗಿದ್ದ ಅವನು ದಸ್ತಾವೇಜುಗಳಿಗೆ ಹೆಬ್ಬೆಟ್ಟು ಒತ್ತಿಸುತ್ತಿದ್ದ. ಗಾಜಿನ ಮೇಲೆ ಶಾಯಿಯನ್ನು ತೆಳ್ಳಗೆ ಹರಡಿ, ಬಂದವರ ಬೆರಳನ್ನು ಉಗುರಿನ ಒಂದಂಚಿನಿಂದ ಇನ್ನೊಂದಂಚಿಗೆ ಉರುಳಿಸುವುದು ಅವನ ಕ್ರಮ. ಗೆರೆ ಸುತ್ತಿಕೊಂಡರೆ ಚಕ್ರ, ಒಂದು ಬದಿಗೆ ಹರಿದರೆ ಶಂಖ. ಒಬ್ಬರ ಗೆರೆ ಇನ್ನೊಬ್ಬರಿಗಿಲ್ಲ, ಸಾಯುವವರೆಗೆ ಬದಲಾಗುವುದೂ ಇಲ್ಲ ಎಂಬ ಉಪದೇಶ ಬೇರೆ. ಜಮೀನ್ದಾರ ಅನಂತರಾಜರಿಗೂ ಸಾಬೂನು ಕೊಟ್ಟು ಕೈ ತೊಳೆಸಿದ್ದ.

೧೯೬೧ರಲ್ಲಿ ಪಾಣೆಮಂಗಳೂರಿನ ರುಖಿಯಮ್ಮ ಬಂದಳು. ಒಂಬತ್ತು ವರ್ಷದ ಹಿಂದೆ ಪಾಲುಪತ್ರಕ್ಕೆ ಹೆಬ್ಬೆಟ್ಟು ಒತ್ತಿದವಳು ಅವಳಲ್ಲ, ಬೇರೆ ಯಾವಳೋ ಎಂದು ಅಣ್ಣ ಉಮ್ಮರ್ ತಕರಾರು ಹಾಕಿದ್ದ. ಹೊಸ ಗುರುತು ಹಳೆಯದಕ್ಕೆ ತಾಳೆಯಾಗದಿದ್ದರೆ ಅವಳ ಮನೆ ಹೋಗುತ್ತಿತ್ತು. ಮೂರು ಸಲ ಒತ್ತಿದರೂ ಕಾಗದದಲ್ಲಿ ಕಪ್ಪು ಮಚ್ಚೆ ಮಾತ್ರ. ವರ್ಷಗಟ್ಟಲೆ ಬೀಡಿ ಕಟ್ಟಿ ಗೆರೆಗಳೇ ಸವೆದಿದ್ದವು.

“ಇದೆಂಥ ಬೆರಳು ಮಾರಾಯ್ತಿ, ಹೊಳೆಯ ಕಲ್ಲಿನ ಹಾಗೆ ಉಂಟು!”

“ಬೆರಳು ಸಾಯಲಿ, ಮುಖ ನೋಡು! ದಿನಾ ಸೇತುವೆಯಲ್ಲಿ ರುಖಿಯಮ್ಮ ಅಂತ ಕರೆಯುವವ ನೀನೇ ಅಲ್ವಾ?”

“ಮುಖಕ್ಕೆ ರಿಜಿಸ್ಟರಿನಲ್ಲಿ ಜಾಗ ಇಲ್ಲ.”

ಅವಳ ಮಗಳಿಗೆ ಪಾಠ ಹೇಳಿದ್ದ ನಾನು ಸಾಕ್ಷಿಯಾಗಿ ಹೋಗಿದ್ದೆ. ಇವಳನ್ನು ಹದಿನೈದು ವರ್ಷದಿಂದ ಬಲ್ಲೆ ಎಂದೆ.

“ನೀವು ಎಂ.ಎ. ಸರಿ ಟೀಚರಮ್ಮ. ಆದರೆ ನಿಮ್ಮ ಕಣ್ಣು ತಪ್ಪಬಹುದು, ಇದು ತಪ್ಪುವುದಿಲ್ಲ.”

ನೋಂದಣಿ ಸಾಹೇಬರು ಹದಿನೈದು ದಿನದ ವಾಯಿದೆ ಕೊಟ್ಟರು.

“ಸವೆದದ್ದು ಮೇಲಿನ ಚರ್ಮ ಮಾತ್ರ. ಬೀಡಿ ಮುಟ್ಟಬೇಡ, ಅದೇ ಗೆರೆ ತಿರುಗಿ ಬರ್ತದೆ,” ಎಂದ ಹುಕ್ರಪ್ಪ.

“ಗಂಜಿ ಯಾರು ಹಾಕ್ತಾರೆ, ನಿನ್ನ ಶಂಖ ಚಕ್ರವಾ?” ರುಖಿಯಮ್ಮ ಬೈಯುತ್ತಲೇ ಹೋದಳು.

ವಾಯಿದೆಯ ದಿನ ಕಾಗದದ ಮೇಲೆ ಚಕ್ರ ಮೂಡಿತು. ಸಾಹೇಬರು ಹಳೆಯ ಗುರುತಿನ ಪಕ್ಕ ಇಟ್ಟು ಭೂತಗನ್ನಡಿ ಹಿಡಿದರು: ಅದೇ ಸುತ್ತು, ಬಲಕ್ಕೆ ಅದೇ ಕವಲು. ಉಮ್ಮರ್ ಟೊಪ್ಪಿ ಸರಿಮಾಡಿಕೊಂಡು ಹೊರನಡೆದ. ಹುಕ್ರಪ್ಪ ತಾನೇ ಆ ಗೆರೆಗಳನ್ನು ಕೊರೆದವನಂತೆ ಎದೆಯುಬ್ಬಿಸಿ ನಿಂತಿದ್ದ.

ಸಂಜೆ ನಾನು ರುಖಿಯಮ್ಮನ ಮನೆಗೆ ಹೋದೆ. ಜಗಲಿಯಲ್ಲಿ ಹುಕ್ರಪ್ಪ ಮಡಿಲಲ್ಲಿ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ.

“ಇದು ಬೀಡಿಯಾ, ಪಡವಲಕಾಯಿಯಾ?” ರುಖಿಯಮ್ಮ ಗದರಿದಳು. “ಹದಿನೈದು ದಿನದಿಂದ ಹೇಳಿಕೊಡ್ತಾ ಇದ್ದೇನೆ, ತಲೆಗೆ ಹೋಗುವುದೇ ಇಲ್ಲ!”

ಅವನು ಅದನ್ನು ಬಿಚ್ಚಿ, ಎಲೆಯನ್ನು ನೀವಿ, ಮತ್ತೆ ಕಟ್ಟತೊಡಗಿದ.